ಹಳೆಯ ಹಾಯಿದೋಣಿಯ ಒಳಮೈಗೆ ರಬ್ಬರ್ ಫೋಮ್: ಹಲವು ಚಳಿಗಾಲಗಳ ಬಳಕೆಯ ನಂತರ

ಎಸಿ ಪೈಪುಗಳಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಫೋಮ್ ನೋಡಿರುತ್ತೀರಿ. ಅದೇ ವಸ್ತು ಹಾಳೆಯಾಗಿ, ಬೆನ್ನಿಗೆ ಅಂಟು ಹಚ್ಚಿಕೊಂಡೇ ಸಿಗುತ್ತದೆ. ನಮ್ಮ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಗೆ 19 ಮಿ.ಮೀ. ದಪ್ಪದ್ದನ್ನು ಅಂಟಿಸಿ, ಹಲವು ಚಳಿಗಾಲ ಅದರೊಳಗೇ ಮಲಗಿ ಎದ್ದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬಳಸಿದವರೆಲ್ಲ ಬೆಚ್ಚಗಾಯಿತು ಅನ್ನುತ್ತಾರೆ. ಆಗುತ್ತದೆ, ನಿಜ. ಆದರೆ ನನಗೆ ಇದು ಇಷ್ಟವಾದದ್ದು ಹಾಸಿಗೆ, ಬಟ್ಟೆ, ಪುಸ್ತಕ ಒಣಗಿರುತ್ತವೆ ಎಂಬುದಕ್ಕೆ.

ಲೆಕ್ಕ ಸರಳ. ಕ್ಯಾಬಿನ್ನಿನಲ್ಲಿ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ಹನಿ ಕಟ್ಟುತ್ತದೆ. ಹೊರಗೆ 5 ಡಿಗ್ರಿ ಇದ್ದಾಗ, 8 ಮಿ.ಮೀ. ಬರಿಯ ಫೈಬರ್‌ಗ್ಲಾಸಿನ ಒಳಮೈ ಹೆಚ್ಚುಕಡಿಮೆ 10ಕ್ಕೆ ಇಳಿದುಬಿಡುತ್ತದೆ. ಈ ಫೋಮ್ ಇದ್ದರೆ 17ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗೋಡೆ ಬೆವರುವುದು ನಿಂತದ್ದು ಹೀಗೆ.

ಈ ಫೋಮಿನ ಒಳಗಿನ ಗುಳ್ಳೆಗಳು ಒಂದಕ್ಕೊಂದು ಸೇರಿಕೊಂಡಿರುವುದಿಲ್ಲ, ಹಾಗಾಗಿ ನೀರಾವಿ ಅದರ ಮೂಲಕ ಹಾಯುವುದು ಬಹಳ ಕಡಿಮೆ. ಅದರ ನಿಜವಾದ ಬೆಲೆ ಇರುವುದು ಇಲ್ಲೇ, ಅಪಾಯವೂ ಇಲ್ಲೇ. ಎರಡು ಹಾಳೆಗಳ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟರೂ ಆವಿ ಅಲ್ಲಿಂದ ಹಿಂದಕ್ಕೆ ಹೋಗಿ, ತಣ್ಣನೆಯ ಹಲ್ (ದೋಣಿಯ ಹೊರಕವಚ) ಮೇಲೆ ನೀರಾಗಿ, ಕಣ್ಣಿಗೆ ಕಾಣದ ಕಡೆ ಬೂಷ್ಟು ಹಿಡಿಸುತ್ತದೆ. ಅದಕ್ಕೇ ಹಾಳೆಯನ್ನು ಅಳತೆಗಿಂತ ಕೊಂಚ ದೊಡ್ಡದಾಗಿಯೇ ಕತ್ತರಿಸಿ ಒತ್ತಿ ಕೂರಿಸಬೇಕು, ಅಂಚಿಗೆ ಅಂಚು ಕಾಂಟ್ಯಾಕ್ಟ್ ಸಿಮೆಂಟ್ (ಎರಡೂ ಮೈಗೆ ಹಚ್ಚಿ ಒತ್ತಿ ಸೇರಿಸುವ ದ್ರಾವಕದ ಅಂಟು) ಹಚ್ಚಿ ಸೇರಿಸಬೇಕು. ಬಲ್ಕ್‌ಹೆಡ್, ಅಂದರೆ ದೋಣಿಯೊಳಗಿನ ಅಡ್ಡಗೋಡೆ, ಹಲ್‌ಗೆ ಸೇರುವ ಮೂಲೆಗಳಿಗೆ ನಾನು ಅರ್ಧ ದಿನವಾದರೂ ಕೊಡುತ್ತೇನೆ, ಯಾರು ಅವಸರ ಮಾಡಿದರೂ ಸರಿ. ಥರ್ಮೋಕೋಲಿನಲ್ಲಿ ಈ ಬಿಗಿ ಸಾಧ್ಯವೇ ಇಲ್ಲ. ಅದು ಹಲ್‌ನ ಬಾಗಿಗೆ ಬಗ್ಗುವುದಿಲ್ಲ, ಕಾಂಟ್ಯಾಕ್ಟ್ ಸಿಮೆಂಟಿನ ದ್ರಾವಕ ತಾಗಿದರೆ ಕರಗುತ್ತದೆ, ಸಾಲದ್ದಕ್ಕೆ ತಂತಿಗಳ ಪಿವಿಸಿ ಹೊದಿಕೆಗೆ ಅಂಟಿಕೊಂಡರೆ ಆ ಹೊದಿಕೆಯನ್ನು ಕಾಲಕ್ರಮೇಣ ಗಡುಸಾಗಿಸುತ್ತದೆ.

ದೂರು ಅಂದರೆ ಹಾಳೆಯ ಜೊತೆ ಬರುವ ಅಂಟಿನ ಬಗ್ಗೆ. ಪಕ್ಕದ ಗೋಡೆಗಳಲ್ಲಿ ಅದು ಇವತ್ತಿಗೂ ಗಟ್ಟಿ. ಡೆಕ್ಕಿನ ಕೆಳಮೈಯಲ್ಲಿ ಮಾತ್ರ ಬೇಸಿಗೆಯ ಕಾವಿಗೆ ಅಂಚು ಬಿಟ್ಟು ಜೋತುಬಿತ್ತು. ತಲೆಯ ಮೇಲಿನ ಭಾಗಕ್ಕೆ ಅಂಟಿಲ್ಲದ ಹಾಳೆ ತಂದು ಎರಡೂ ಮೈಗೆ ಕಾಂಟ್ಯಾಕ್ಟ್ ಸಿಮೆಂಟ್ ಹಚ್ಚುವುದೇ ಮೇಲು. ಅದಕ್ಕೂ ಮೊದಲು ಹಳೆಯ ವಿನೈಲ್ ಹೆಡ್‌ಲೈನರಿನ (ಚಾವಣಿಯ ಒಳಹೊದಿಕೆ) ಹಿಂದೆ ಪುಡಿಪುಡಿಯಾಗಿ ಉಳಿದ ಸ್ಪಂಜನ್ನು ಕೆರೆದು ತೆಗೆಯಬೇಕು. ಇಡೀ ಕೆಲಸದಲ್ಲಿ ಮೈಮುರಿಯುವ ಭಾಗ ಅದೇ. ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ಅಸಿಟೋನಿನಿಂದ ಒರೆಸಿ, ಒಳಗೆ ಗಾಳಿ ಚೆನ್ನಾಗಿ ಆಡಲಿ.

ನೀರಿನ ಮಟ್ಟದ ಕೆಳಗೆ, ಬಿಲ್ಜಿನಲ್ಲಿ (ನೀರು ಬಂದು ಸೇರುವ ದೋಣಿಯ ತಳಭಾಗ), ಸೀಕಾಕ್ (ಹಲ್‌ನಲ್ಲಿರುವ ನೀರಿನ ಕವಾಟ) ಮತ್ತು ಚೈನ್‌ಪ್ಲೇಟುಗಳ (ಹಾಯಿಕಂಬದ ತಂತಿಗಳನ್ನು ದೋಣಿಗೆ ಬಿಗಿಯುವ ಲೋಹದ ಪಟ್ಟಿಗಳು) ಸುತ್ತ ಇದನ್ನು ಹಾಕಲೇಬೇಡಿ. ಸೋರಿಕೆ ಕಂಡ ತಕ್ಷಣ ಕೈ ಅಲ್ಲಿಗೆ ಮುಟ್ಟಬೇಕು. ಫೋಮಿನ ಮೇಲೆ ನಾವು ತೆಳು ಪ್ಲೈವುಡ್ ಫಲಕಗಳನ್ನು ಸ್ಕ್ರೂ ಹಾಕಿ ಕೂರಿಸಿದ್ದೇವೆ. ಡೆಕ್ಕಿನ ಬೋಲ್ಟುಗಳನ್ನು ಬಿಗಿಗೊಳಿಸಬೇಕಾದಾಗ ಬಿಚ್ಚಿದರಾಯಿತು.

ಫೋಮ್ ಹಾಕಿದೆವೆಂದು ವೆಂಟ್ ಮುಚ್ಚುವ ಹಾಗಿಲ್ಲ. 1 ಕೆ.ಜಿ. ಪ್ರೊಪೇನ್ ಉರಿದರೆ ಸುಮಾರು 1.6 ಕೆ.ಜಿ. ನೀರು ಗಾಳಿಗೆ ಸೇರುತ್ತದೆ, ನಮ್ಮ ಉಸಿರಿನದು ಬೇರೆ. ಕಿಟಕಿಗಳ ಅಲ್ಯೂಮಿನಿಯಂ ಚೌಕಟ್ಟು ಇನ್ನೂ ಬೆವರುತ್ತದೆ; ಅದು ಫೋಮಿನ ತಪ್ಪಲ್ಲ. ಹಾಸಿಗೆಯ ಅಡಿಗೆ ಗಾಳಿಯಾಡುವ ಪಟ್ಟಿಗಳೂ ಬೇಕೇ ಬೇಕು.

ದಪ್ಪದ ವಿಷಯ: ಮೇಲಿನ ಲೆಕ್ಕವನ್ನೇ 10 ಮಿ.ಮೀ.ಗೆ ಹಾಕಿದರೂ ಒಳಮೈ 16 ಡಿಗ್ರಿಯ ಹತ್ತಿರ ಇರುತ್ತದೆ. 19ಕ್ಕೆ ಹೋದರೆ ಹೀಟರಿನ ಇಂಧನ ಉಳಿಯುತ್ತದೆ, ಹನಿ ತಡೆಯುವುದರಲ್ಲಿ ಮಾತ್ರ ಹೆಚ್ಚು ವ್ಯತ್ಯಾಸವಿಲ್ಲ. ಇರುವ ಹಣದಲ್ಲಿ ಸಲೂನಿಗೆ (ದೋಣಿಯ ಮುಖ್ಯ ಕೋಣೆ) ಮಾತ್ರ ದಪ್ಪದ್ದು ಹಾಕಿ ಲಾಕರುಗಳ (ಸಾಮಾನು ಇಡುವ ಗೂಡುಗಳು) ಒಳಗನ್ನು ಬರಿದಾಗಿ ಬಿಡುವುದಕ್ಕಿಂತ, ಲಾಕರುಗಳನ್ನೂ ಸೇರಿಸಿ ಎಲ್ಲ ಕಡೆಗೂ 10 ಮಿ.ಮೀ. ಕೊಳ್ಳಿ.