ವಾರಕ್ಕೊಂದು ಎಪಿಸೋಡ್: ದುಡ್ಡು ಕೊಟ್ಟು ಅನಿಮೆ ನೋಡುವವನ ವಿಮರ್ಶೆ

ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ ತೋರಿಸುವ ಆ್ಯಪ್‌ಗೆ ವರ್ಷದ ಚಂದಾ ಕಟ್ಟಬಹುದಾ ಅಂತ ಅಂಗಡಿಗೆ ಬರುವ ಹುಡುಗರು ಕೇಳುತ್ತಲೇ ಇರುತ್ತಾರೆ. ನನ್ನದು ದಾವಣಗೆರೆಯ ವಿದ್ಯಾನಗರದ ಕಡೆ ಒಂದು ಜೆರಾಕ್ಸ್ ಅಂಗಡಿ. ಲ್ಯಾಬ್ ರೆಕಾರ್ಡ್ ಬೈಂಡಿಂಗ್‌ಗೆ ಬಂದವರು ಜೊತೆಗೆ ಜೋರೋನದೋ ಗೋಜೋನದೋ, ಹೀಗೆ ಅನಿಮೆ ಪಾತ್ರದ ಒಂದು ಕಲರ್ ಪ್ರಿಂಟ್ ತೆಗೆಸಿಕೊಂಡು ಹೋಗುತ್ತಾರೆ. ಮಾತು ಅಲ್ಲಿಂದ ಶುರುವಾಗುತ್ತದೆ. ಕೆಲವು ವರ್ಷದಿಂದ ದುಡ್ಡು ಕೊಟ್ಟೇ ನೋಡುತ್ತಿದ್ದೇನೆ, ಒಮ್ಮೆ ಉದ್ದಕ್ಕೆ ಬರೆದುಬಿಡೋಣ ಅನ್ನಿಸಿತು. ಆ್ಯಪ್‌ನ ಹೆಸರು ಮಾತ್ರ ಹೇಳಲ್ಲ, ಬೈಯುವುದೂ ಸ್ವಲ್ಪ ಇದೆ.

ನನ್ನ ಉತ್ತರ ಇಷ್ಟು. ಜಪಾನಿನಲ್ಲಿ ಈಗ ಪ್ರಸಾರವಾಗುತ್ತಿರುವ ಸರಣಿಯನ್ನು ವಾರವಾರ ನೋಡುವವರು ಧಾರಾಳವಾಗಿ ಕಟ್ಟಿ. ಮುಗಿದ ಸರಣಿಯನ್ನು ರಾತ್ರಿಯಿಡೀ ಕೂತು ಒಂದೇ ಏಟಿಗೆ ನೋಡುವವರಿಗೆ ವರ್ಷದ ಚಂದಾ ದಂಡ. ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳಿಗೆ ಕಟ್ಟಿ, ಬೇಕಾದ್ದು ನೋಡಿ, ನಿಲ್ಲಿಸಿಬಿಡಿ. ನಾನು ಮೊದಲನೇ ಗುಂಪಿನವನು. ಎಪಿಸೋಡ್‌ಗಿಂತ ಜಾಸ್ತಿ ಮಜಾ ಕೊಡುವುದು ಎರಡು ಎಪಿಸೋಡ್‌ಗಳ ನಡುವಿನ ಆರು ದಿನದ ಹರಟೆ ಅನ್ನುವವನು.

ಹೊಸಬರಿಗೆ ಲೆಕ್ಕ ಗೊತ್ತಿರಲಿ. ಜಪಾನಿನಲ್ಲಿ ಹೊಸ ಅನಿಮೆಗಳು ವರ್ಷಕ್ಕೆ ನಾಲ್ಕು ಸಲ, ಅಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಶುರುವಾಗುತ್ತವೆ. ಮೂರು ತಿಂಗಳ ಒಂದು ಕಂತಿಗೆ ಸಾಮಾನ್ಯವಾಗಿ 12 ಇಲ್ಲಾ 13 ಎಪಿಸೋಡ್. ದೊಡ್ಡವರಿಗೆ ಅಂತ ಮಾಡಿದ್ದು ಹೆಚ್ಚಾಗಿ ತಡರಾತ್ರಿ ಬರುತ್ತದೆ. ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಶುಕ್ರವಾರ ರಾತ್ರಿ 11ಕ್ಕೆ ಬರುವ ಫ್ರೀರೆನ್ ಸರಣಿ ನಮ್ಮ ಲೆಕ್ಕದಲ್ಲಿ ಸಂಜೆ ಏಳೂವರೆ. ಆ್ಯಪ್‌ಗೆ ಬರುವುದು ಅದಾದ ಮೇಲೆ. ಅಷ್ಟು ಹೊತ್ತಿಗೆ ಅಂಗಡಿ ತುಂಬ ಜನ ಇರುತ್ತಾರೆ, ಹಾಗಾಗಿ ನನ್ನದು ಶಟರ್ ಎಳೆದ ಮೇಲೆಯೇ.

ನಾವು ನಾಲ್ಕು ಜನ ಒಟ್ಟಿಗೆ ಫಾಲೋ ಮಾಡುತ್ತೇವೆ. ಒಬ್ಬ ಎಂಜಿನಿಯರಿಂಗ್ ಓದುತ್ತಿದ್ದಾನೆ, ಒಬ್ಬ ಬಟ್ಟೆ ಅಂಗಡಿಯಲ್ಲಿದ್ದಾನೆ, ಒಬ್ಬಳು ನರ್ಸಿಂಗ್ ವಿದ್ಯಾರ್ಥಿನಿ. ಭಾನುವಾರ ಸಂಜೆ ಖಾರ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಜಗಳ. ನಾಲ್ವರೂ ನೋಡುವ ತನಕ ಯಾರೂ ಬಾಯಿ ಬಿಡುವ ಹಾಗಿಲ್ಲ ಅನ್ನುವುದೊಂದೇ ಕಾನೂನು. ಬಟ್ಟೆ ಅಂಗಡಿಯವನಿಗೆ ಹಬ್ಬದ ಸೀಸನ್‌ನಲ್ಲಿ ಪುರುಸೊತ್ತು ಸಿಗಲ್ಲ. ಆಗ ಉಳಿದ ಮೂವರಿಗೂ ಬಾಯಿ ಕಟ್ಟಿ ಕೂರುವ ಶಿಕ್ಷೆ.

ಈ ಚಳಿಗಾಲದ ಜಗಳ ಪೂರ್ತಿ ಫ್ರೀರೆನ್‌ದು. ಎರಡನೇ ಸೀಸನ್ 2026ರ ಜನವರಿಯಲ್ಲಿ ಶುರುವಾಯಿತು. ಕಥೆ ಗೊತ್ತಿಲ್ಲದವರಿಗೆ: ರಾಕ್ಷಸ ರಾಜನನ್ನು ಕೊಂದು ಹತ್ತು ವರ್ಷದ ದಂಡಯಾತ್ರೆ ಮುಗಿಸಿ ನಾಲ್ವರು ಊರಿಗೆ ವಾಪಸ್ ಬರುವಲ್ಲಿಂದ ಇದು ಶುರು. ಬೇರೆ ಕಥೆ ಮುಗಿಯುವ ಕಡೆ ಇದು ಆರಂಭ. ಫ್ರೀರೆನ್ ಎಲ್ಫ್ ಜಾತಿಯವಳು, ಸಾವಿರಾರು ವರ್ಷ ಬದುಕುವವಳು. ಅವಳಿಗೆ ಹತ್ತು ವರ್ಷ ಯಾವ ಲೆಕ್ಕ? ಐವತ್ತು ವರ್ಷಕ್ಕೊಮ್ಮೆ ಬರುವ ಉಲ್ಕೆಗಳನ್ನು ಮುಂದಿನ ಸಲ ಒಟ್ಟಿಗೆ ನೋಡೋಣ ಅಂತ ಹೇಳಿ ಹೊರಟುಬಿಡುತ್ತಾಳೆ. ಐವತ್ತು ವರ್ಷ ಬಿಟ್ಟು ಬಂದರೆ ನಾಯಕ ಹಿಮ್ಮೆಲ್ ಬೋಳುತಲೆ, ಬಿಳಿ ಗಡ್ಡದ ಮುದುಕ. ಉಲ್ಕೆ ನೋಡಿದ ಮೇಲೆ ಹೆಚ್ಚು ದಿನ ಬದುಕುವುದಿಲ್ಲ. ಮಣ್ಣು ಮಾಡುವಾಗ ಅವಳ ಕಣ್ಣಲ್ಲಿ ನೀರಿಲ್ಲ, ಜನ ಗುಸುಗುಸು ಮಾತಾಡಿಕೊಳ್ಳುತ್ತಾರೆ. ಆಮೇಲೆ ಒಮ್ಮೆಲೇ ಅಳು ಒಡೆಯುತ್ತದೆ. ಇವನ ಬಗ್ಗೆ ನನಗೆ ಏನೂ ಗೊತ್ತಿಲ್ಲವಲ್ಲ, ಯಾಕೆ ತಿಳಿದುಕೊಳ್ಳಲಿಲ್ಲ ಅನ್ನುತ್ತಾಳೆ. ಇಷ್ಟೂ ಮೊದಲ ಎಪಿಸೋಡ್‌ನಲ್ಲೇ ಆಗಿಹೋಗುತ್ತದೆ.

ಎಂಜಿನಿಯರಿಂಗ್ ಹುಡುಗನ ತಕರಾರು ಒಂದೇ, ‘ಏನೂ ಆಗಲ್ಲ ಇದರಲ್ಲಿ.’ ಅವನ ಮಾತು ಪೂರ್ತಿ ಸುಳ್ಳಲ್ಲ. ಫ್ರೀರೆನ್, ಅವಳ ಶಿಷ್ಯೆ ಫೆರ್ನ್, ಜೊತೆಗಾರ ಸ್ಟಾರ್ಕ್ ಒಂದು ಹಳ್ಳಿಗೆ ಹೋಗುತ್ತಾರೆ, ಹಳೇ ಪ್ರತಿಮೆ ಒರೆಸುತ್ತಾರೆ, ಕೂಲಿಗೆ ಒಂದು ಕೆಲಸಕ್ಕೆ ಬಾರದ ಮಂತ್ರ ಸಿಗುತ್ತದೆ. ಫ್ರೀರೆನ್ ಅದಕ್ಕೇ ಖುಷಿಪಡುತ್ತಾಳೆ. ಇಂಥ ಎಪಿಸೋಡ್‌ಗಳನ್ನು ಒಂದರ ಹಿಂದೆ ಒಂದು ಎಂಟು ನೋಡಿದರೆ ನನಗೂ ಆಕಳಿಕೆ ಬರುತ್ತದೆ. ವಾರಕ್ಕೊಂದು ನೋಡಿದರೆ ಹಾಗಲ್ಲ. ಆ ಪ್ರತಿಮೆ, ಆ ಹೂವು ಬುಧವಾರದ ತನಕ ತಲೆಯಲ್ಲಿ ಕೂತಿರುತ್ತದೆ. ಮೊದಲ ಸೀಸನ್ 2023ರ ಸೆಪ್ಟೆಂಬರ್ 29ರಂದು ಶುರುವಾದಾಗ ಮೊದಲ ನಾಲ್ಕು ಎಪಿಸೋಡ್‌ಗಳನ್ನು ಸೇರಿಸಿ ಎರಡು ಗಂಟೆಯ ಸಿನಿಮಾದ ಹಾಗೆ ಒಂದೇ ರಾತ್ರಿ ತೋರಿಸಿದ್ದರು. ಜನ ಕೂರಲಿಕ್ಕೆ ಅಷ್ಟಾದರೂ ಬೇಕು ಅಂತ ಅವರಿಗೂ ಅನ್ನಿಸಿರಬೇಕು. ನನ್ನ ಸಲಹೆಯೂ ಅದೇ. ಮೊದಲ ನಾಲ್ಕನ್ನು ಒಟ್ಟಿಗೆ ನೋಡಿ, ಆಮೇಲೆ ಕೈ ಬಿಗಿ ಹಿಡಿಯಿರಿ.

ಆ ಸೀಸನ್‌ನ 28 ಎಪಿಸೋಡ್‌ಗಳಲ್ಲಿ ಕೊನೆಯ ಭಾಗ ಮಂತ್ರವಾದಿಗಳ ಪರೀಕ್ಷೆ. ಶಿಷ್ಯೆ ಫೆರ್ನ್ ಪಾಸು, ಗುರು ಫ್ರೀರೆನ್ ಫೇಲು! ಉತ್ತರದ ಪ್ರಸ್ಥಭೂಮಿಗೆ ಹೋಗಲು ಮೊದಲ ದರ್ಜೆಯ ಮಂತ್ರವಾದಿ ಜೊತೆಗಿರಬೇಕು, ಹಾಗಾಗಿ ಈಗ ಫೆರ್ನ್ ಸರ್ಟಿಫಿಕೇಟ್ ಮೇಲೆ ಮೂವರ ಪ್ರಯಾಣ. ಪರೀಕ್ಷೆಯ ಭಾಗವೇ ಎಂಜಿನಿಯರಿಂಗ್ ಹುಡುಗನಿಗೆ ಇಷ್ಟವಾದದ್ದು. ನನಗೆ ಅದೇ ಉದ್ದ ಜಾಸ್ತಿಯಾಯಿತು, ಹೊಸ ಮುಖಗಳ ಸಂತೆ. ಎರಡನೇ ಸೀಸನ್ ಮತ್ತೆ ಮೂವರ ದಾರಿಗೆ ಬಂದಿದ್ದು ನನಗಂತೂ ಸಮಾಧಾನ. ಮಾತಿಲ್ಲದೆ ನಡೆಯುವ ದೃಶ್ಯಗಳಲ್ಲಿ ಮ್ಯಾಡ್‌ಹೌಸ್ ಸ್ಟುಡಿಯೋದವರು ನಡಿಗೆಯಲ್ಲೇ ಯಾರು ಯಾರು ಅಂತ ಗೊತ್ತಾಗುವ ಹಾಗೆ ಬರೆಯುತ್ತಾರೆ. ಫೆರ್ನ್ ಸಿಟ್ಟು ಬಂದಾಗ ಕೆನ್ನೆ ಉಬ್ಬಿಸುವುದು ನೋಡಿ, ಮನೆಯಲ್ಲಿ ತಂಗಿ ಇರುವವರಿಗೆ ವಿವರಣೆ ಬೇಡ.

ಇದಕ್ಕೆ ಪೂರ್ತಿ ಉಲ್ಟಾ ಕಡಲ್ಗಳ್ಳರ ಕಥೆ ವನ್ ಪೀಸ್. 1999ರ ಅಕ್ಟೋಬರ್‌ನಿಂದ ಓಡುತ್ತಿದೆ, ಎಪಿಸೋಡ್ 1,100 ದಾಟಿ ಎಷ್ಟೋ ಕಾಲವಾಯಿತು. ಅದರ ನಾಯಕ ಲುಫಿ ಅಂದರೆ ನನಗೂ ಪ್ರಾಣ. ಆದರೆ ವಾರವಾರ ನೋಡಿದರೆ ಇಷ್ಟು ತಾಳ್ಮೆ ಪರೀಕ್ಷೆ ಮಾಡುವ ಸರಣಿ ಇನ್ನೊಂದಿಲ್ಲ. ಕಾರಣ ಸರಳ. ಮಾಂಗಾದಲ್ಲಿ, ಅಂದರೆ ಈ ಕಥೆಯ ಮೂಲ ಕಾಮಿಕ್‌ನಲ್ಲಿ ವಾರಕ್ಕೊಂದು ಅಧ್ಯಾಯ, ಅದೂ ನಡುನಡುವೆ ರಜೆ. ಟಿವಿಯಲ್ಲಿ ಹೆಚ್ಚುಕಡಿಮೆ ಪ್ರತಿ ವಾರ ಎಪಿಸೋಡ್ ಬೇಕು. ಮಾಂಗಾವನ್ನು ಹಿಂದೆ ಹಾಕಬಾರದು ಅಂತ ಎಳೆಯುತ್ತಾರೆ. ಓಪನಿಂಗ್ ಹಾಡೇ ಎರಡೂವರೆ ನಿಮಿಷ, ಆಮೇಲೆ ಹಿಂದಿನ ವಾರ ಏನಾಯಿತು, ಆಮೇಲೆ ಒಬ್ಬೊಬ್ಬರ ಬಾಯಿ ತೆರೆದ ಮುಖ. ಲುಫಿ ಮುಷ್ಟಿ ಎತ್ತಿದ ವಾರ ಹೊಡೆತ ಬೀಳುತ್ತದೆ ಅಂತ ನಂಬಬೇಡಿ.

ಇದು ಎಳೆತ ಅಂತ ಮಾಡಿದವರೇ ಒಪ್ಪಿಕೊಂಡ ಹಾಗಿದೆ. 2024ರ ಅಕ್ಟೋಬರ್‌ನಿಂದ 2025ರ ಏಪ್ರಿಲ್ ತನಕ ಹೊಸ ಎಪಿಸೋಡ್ ನಿಲ್ಲಿಸಿದರು. ಆ ಬಿಡುವಿನಲ್ಲಿ ಹಳೆಯ ಮೀನುಮಾನವರ ದ್ವೀಪದ ಕಥೆಯನ್ನು ಮರುಸಂಕಲನ ಮಾಡಿ ಹಾಕಿದರು. ಐವತ್ತಕ್ಕೂ ಹೆಚ್ಚು ಎಪಿಸೋಡ್ ಇದ್ದದ್ದು 21ಕ್ಕೆ ಇಳಿಯಿತು. ಹಾಗಾದರೆ ಉಳಿದದ್ದೇನು, ಮಂಡಕ್ಕಿಯ ಗಾಳಿ ತಾನೇ? ವಾಪಸ್ ಬಂದಾಗ ಸಮಯವೂ ಬದಲಾಯಿತು. ಮೊದಲು ಅಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಿತ್ತು, ನಮಗೆ ಬೆಳಿಗ್ಗೆ ಆರು. ಈಗ ಅಲ್ಲಿ ರಾತ್ರಿ 11:15, ನಮಗೆ ಏಳೂಮುಕ್ಕಾಲು. ಅದಕ್ಕಿಂತ ದೊಡ್ಡ ಸುದ್ದಿ ಏನೆಂದರೆ 2026ರಿಂದ ವರ್ಷಕ್ಕೆ ಹೆಚ್ಚೆಂದರೆ 26 ಎಪಿಸೋಡ್ ಅಷ್ಟೇ. ಏಪ್ರಿಲ್‌ನಿಂದ ಎಲ್ಬಾಫ್ ಅನ್ನುವ ದೈತ್ಯರ ನಾಡಿನ ಕಥೆ. ಇಪ್ಪತ್ತಾರು ವರ್ಷ ಹೆಚ್ಚುಕಡಿಮೆ ಬಿಡದೆ ಓಡಿದ ಬಂಡಿ ಈಗ ಬೇರೆಯವರ ಹಾಗೆ ಕಂತಿನಲ್ಲಿ ಬರುತ್ತದೆ ಅಂದರೆ ನನಗೆ ಸಂತೋಷವೇ. ಬಟ್ಟೆ ಅಂಗಡಿಯವನಿಗೆ ಮಾತ್ರ ಸಂಕಟ, ಅವನ ಭಾನುವಾರಕ್ಕೆ ಅರ್ಥವೇ ಇಲ್ಲವಂತೆ. ಹೊಸದಾಗಿ ಶುರು ಮಾಡುವವರು ಎಳೆತದ ಮಾತಿಗೆ ಹೆದರಬೇಡಿ. ಆರಂಭದ ಕಥೆಗಳು ಓಡುತ್ತವೆ, ಅರ್ಲಾಂಗ್ ಪಾರ್ಕ್ ಅನ್ನುವ ಭಾಗದ ತನಕ ನೋಡಿ ಆಮೇಲೆ ತೀರ್ಮಾನ ಮಾಡಿ.

ವಾರವಾರ ನೋಡಲಿಕ್ಕೇ ಹೇಳಿ ಮಾಡಿಸಿದ್ದು ಅಂದರೆ ದಿ ಅಪೋತಿಕರಿ ಡೈರೀಸ್. ಮಾವ್‌ಮಾವ್ ಅನ್ನುವ ಔಷಧಿ ಬಲ್ಲ ಹುಡುಗಿ ಅರಮನೆಯ ಅಂತಃಪುರದಲ್ಲಿ ಕೆಲಸಕ್ಕೆ ಸಿಕ್ಕಿಬೀಳುತ್ತಾಳೆ. ರಾಜನ ಹಸುಗೂಸುಗಳು ಸಾಯುತ್ತಿರುವುದು ಶಾಪದಿಂದ ಅಂತ ಎಲ್ಲರೂ ನಂಬಿದ್ದರೆ, ಇವಳು ರಾಣಿಯರ ಬಿಳಿ ಮುಖದ ಪುಡಿಯಲ್ಲಿ ವಿಷ ಇದೆ ಅಂತ ಹಿಡಿಯುತ್ತಾಳೆ. ನರ್ಸಿಂಗ್ ಹುಡುಗಿ ಇದಕ್ಕೆ ನಮ್ಮ ಗುಂಪಿನ ಅಧಿಕೃತ ವ್ಯಾಖ್ಯಾನಕಾರಳು. ಯಾವ ವಿಷ, ಏನು ಲಕ್ಷಣ ಅಂತ ಮಂಡಕ್ಕಿ ತಿನ್ನುವಾಗಲೇ ವಿವರಿಸುತ್ತಾಳೆ, ತಿನ್ನುವವರ ಗತಿ ಕೇಳಬೇಡಿ.

ಮೊದಲ ಸೀಸನ್‌ನಲ್ಲಿ ಒಬ್ಬ ಲೋಹದ ಕೆಲಸಗಾರ ಸಾಯುವಾಗ ಮೂವರು ಗಂಡುಮಕ್ಕಳಿಗೆ ಬಿಟ್ಟುಹೋಗುವುದು ಒಂದು ಶೆಡ್, ಒಂದು ಬೀರು, ಒಂದು ಮೀನಿನ ಗಾಜಿನ ಬಟ್ಟಲು. ಬೀರುವಿನ ಬೀಗಕ್ಕೆ ಕೀಲಿ ಹೋಗುವುದಿಲ್ಲ. ಕಿಟಕಿ ಹತ್ತಿರ ಸರಿಯಾದ ಜಾಗದಲ್ಲಿ ನೀರು ತುಂಬಿದ ಬಟ್ಟಲು ಇಟ್ಟರೆ ಬಿಸಿಲು ಒಂದೇ ಕಡೆ ಬಿದ್ದು ಬೀಗದೊಳಗಿನ ಲೋಹ ಕರಗುತ್ತದೆ. ಚಂದ ಇದೆ, ಮುಗಿಯಿತು ಅಂದುಕೊಂಡೆವು. ಕೆಲವು ವಾರ ಬಿಟ್ಟು ಅದೇ ಬೇಗ ಕರಗುವ ಲೋಹ ಒಂದು ಕೊಲೆ ಸಂಚಿನ ಮಧ್ಯೆ ಬಂದು ನಿಲ್ಲುತ್ತದೆ. ಸುಮ್ನೆ ಬಂದುಹೋದ ಬೆಂಕಿ ಅನಾಹುತವೂ ಅದಕ್ಕೇ ಸೇರುತ್ತದೆ. ಒಂದೇ ರಾತ್ರಿ ನೋಡುವವರಿಗೆ ಊಹೆ ಮಾಡಲು ಸಮಯವೇ ಇಲ್ಲ, ಮುಂದಿನ ಎಪಿಸೋಡ್ ತಾನಾಗಿ ಶುರುವಾಗಿ ಉತ್ತರ ಹೇಳಿಬಿಡುತ್ತದೆ.

ಉಳಿದವು ಬೇಗ ಹೇಳುತ್ತೇನೆ. ದಂದದಾನ್ ಮೊದಲ ಸೀಸನ್ 2024ರ ಡಿಸೆಂಬರ್‌ನಲ್ಲಿ ದೃಶ್ಯದ ನಟ್ಟನಡುವೆ ನಿಂತಿತು, ಮುಂದಿನದಕ್ಕೆ ಜುಲೈ ತನಕ ಕಾಯಿಸಿದರು. ಅವತ್ತು ಬೈದದ್ದನ್ನು ಇಲ್ಲಿ ಬರೆಯಲಾಗದು. ಈಗ ಎರಡೂ ಸೀಸನ್ ಇವೆ, ಹೊಸಬರು ಪುಣ್ಯವಂತರು. ಸೋಲೋ ಲೆವೆಲಿಂಗ್ ಒಟ್ಟಿಗೆ ನೋಡಬೇಕಾದ್ದು, ಯೋಚನೆ ಮಾಡಿದರೆ ಸಪ್ಪೆ. ಜುಜುತ್ಸು ಕೈಸೆನ್ ಮೂರನೇ ಸೀಸನ್ ಕೂಡ ಈ ಜನವರಿಯದೇ. ಹೊಡೆದಾಟ ಕಣ್ಣಿಗೆ ಹಬ್ಬ, ಆದರೆ ಕಥೆಯೊಳಗಿನ ಸಾವಿನ ಆಟದ ನಿಯಮ ವಿವರಿಸುವುದು ಶುರುವಾದರೆ ಜಿಎಸ್‌ಟಿ ಫಾರಂ ಓದಿದ ಹಾಗಾಗುತ್ತದೆ.

ಈಗ ಆ್ಯಪ್‌ನ ಮಾತು. ಚಿತ್ರ ಚೆನ್ನಾಗಿ ಬರುತ್ತದೆ, ಹೊಸ ಎಪಿಸೋಡ್ ತಡವಾದದ್ದು ಕಡಿಮೆ. ಫೋನ್‌ನಲ್ಲಿ ತೊಂದರೆಯಿಲ್ಲ. ಟಿವಿಯಲ್ಲಿ ಮಾತ್ರ ತಲೆನೋವು. ನೋಡಿ ಮುಗಿಸಿದ್ದನ್ನು ಮತ್ತೆ ಮೊದಲಿಂದ ಹಾಕುತ್ತದೆ, ಹಿಮದ ಮೇಲೆ ಬಿಳಿ ಸಬ್‌ಟೈಟಲ್ ಬಂದರೆ ಓದಲಾಗದು, ಫ್ರೀರೆನ್‌ನ ಉತ್ತರದ ಪ್ರಸ್ಥಭೂಮಿಯಲ್ಲಂತೂ ಬರೀ ಹಿಮ. ಮುಂದಿನ ಎಪಿಸೋಡ್‌ನ ಚಿಕ್ಕ ಚಿತ್ರದಲ್ಲೇ ಯಾರು ಬದುಕಿದರು ಅಂತ ತೋರಿಸಿಬಿಡುತ್ತಾರೆ. ದೂರು ಕೊಟ್ಟರೆ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ ಅನ್ನುವ ಅದೇ ಉತ್ತರ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಮನೆಯ ನೆಟ್ ಕೂಡ ಹೋಗುತ್ತದೆ. ಡೌನ್‌ಲೋಡ್ ಇರುವ ಪ್ಲಾನ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಆಟೋಪೇ ಹಾಕಿದವರು ಮೆಸೇಜ್ ಮೇಲೆ ಕಣ್ಣಿಡಿ. ದುಡ್ಡು ಕಟ್ ಆಗುವ 24 ಗಂಟೆ ಮೊದಲು ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಬಿಡುವುದಿದ್ದರೆ ಅವತ್ತೇ ಬಿಡಿ.

ನನಗಿರುವ ದೊಡ್ಡ ಬೇಜಾರು ಭಾಷೆಯದು. ಹಿಂದಿ, ತಮಿಳು, ತೆಲುಗಿನಲ್ಲಿ ಡಬ್ ಬರುತ್ತಿದೆ. ಡೀಮನ್ ಸ್ಲೇಯರ್‌ನ ಇನ್ಫಿನಿಟಿ ಕ್ಯಾಸಲ್ ಸಿನಿಮಾ 2025ರ ಸೆಪ್ಟೆಂಬರ್ 12ಕ್ಕೆ ನಮ್ಮ ದೇಶದಲ್ಲಿ ತೆರೆಕಂಡಾಗ ಜಪಾನಿ, ಇಂಗ್ಲಿಷ್ ಜೊತೆ ಆ ಮೂರೂ ಇದ್ದವು, ಕನ್ನಡ ಇರಲಿಲ್ಲ. ನಮ್ಮೂರ ಮಕ್ಕಳಿಗೆ ಹಿಂದಿ ಕಲಿಸಿದ್ದೇ ಡೋರೇಮಾನ್, ಶಿನ್‌ಚಾನ್ ಅಂತ ತಮಾಷೆ ಮಾಡುತ್ತೇವೆ, ಆದರೆ ಅದರಲ್ಲಿ ಬೇಸರವೂ ಇದೆ ಅಲ್ವಾ? ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಕಡೆಯ ಒಬ್ಬ ಗಿರಾಕಿ ಸೋಲೋ ಲೆವೆಲಿಂಗ್ ತೆಲುಗಿನಲ್ಲೇ ನೋಡುತ್ತಾನೆ. ಆಂಧ್ರದ ಗಡಿ ಪಕ್ಕದ ಊರು, ಅವನಿಗೆ ತೆಲುಗು ಸಲೀಸು. ನನ್ನ ಅಮ್ಮನಿಗೆ ಅದೂ ಇಲ್ಲ. ಫ್ರೀರೆನ್ ನೋಡುವಾಗ ಪಕ್ಕ ಕೂರುತ್ತಾರೆ. ನಾನು ಪಾಜ್ ಮಾಡಿ ಹೇಳಬೇಕು. ಹಿಮ್ಮೆಲ್ ಮುದುಕನಾಗಿ ಬಂದಾಗ ಏನೂ ಹೇಳದೆಯೇ ಅರ್ಥವಾಯಿತು ಅವರಿಗೆ, ‘ಇವಳು ಮೊದಲೇ ಬರಬೇಕಿತ್ತು’ ಅಂದರು. ಡಬ್ ಆಮೇಲಾದರೂ ಆಗಲಿ, ಕನ್ನಡ ಸಬ್‌ಟೈಟಲ್ ಕೊಡಲಿಕ್ಕೆ ಏನು ಕಷ್ಟ ಅಂತ ಅವರ ಫೀಡ್‌ಬ್ಯಾಕ್ ಫಾರಂನಲ್ಲಿ ಆಗಾಗ ಹಾಕುತ್ತೇನೆ. ಕನ್ನಡದಲ್ಲೇ ಬರೆದು ಹಾಕುತ್ತೇನೆ. ನೀವೂ ಹಾಕಿ, ಎರಡು ನಿಮಿಷದ ಕೆಲಸ.

ನಾನು ಈ ಸಲ ವರ್ಷದ್ದೇ ಕಟ್ಟಿದ್ದೇನೆ. ಏಪ್ರಿಲ್‌ಗೆ ಎಲ್ಬಾಫ್ ಇದೆ, ಅಕ್ಟೋಬರ್‌ಗೆ ಅಪೋತಿಕರಿ ಮೂರನೇ ಸೀಸನ್ ಅಂತ ಹೇಳಿದ್ದಾರೆ. ಅಪೋತಿಕರಿ ಇನ್ನೂ ನೋಡದವರಿಗೆ ಎರಡು ಸೀಸನ್ ಸೇರಿ 48 ಎಪಿಸೋಡ್. ಈಗಿನಿಂದ ವಾರಕ್ಕೆ ಎರಡರ ಹಾಗೆ ಹೋದರೆ ಅಕ್ಟೋಬರ್‌ಗೆ ಮೊದಲೇ ಮುಗಿಯುತ್ತದೆ.