ಸರಾಯೆವೊದಿಂದ ಸ್ರೆಬ್ರೆನಿತ್ಸಾಗೆ ಒಂದು ದಿನದ ಟೂರ್: ಗೈಡ್‌ಗೆ ಐದು ಸ್ಟಾರ್, ಕಂಪನಿಗೆ ಎರಡೂವರೆ

ವಿಯೆನ್ನಾದಲ್ಲಿರೋ ಮಗನ ಮನೆಗೆ ಹೋದಾಗ ನಾವಿಬ್ಬರೂ ನಾಲ್ಕು ದಿನ ಬೋಸ್ನಿಯಾದ ರಾಜಧಾನಿ ಸರಾಯೆವೊಗೆ ಹೋಗಿಬಂದೆವು. ಈ ವ್ಯಾನ್ ಟೂರ್ ಬುಕ್ ಮಾಡಿಕೊಟ್ಟಿದ್ದು ಅವನೇ. ಕಂಪನಿ ಹೆಸರು ಬೇಡ, ಇಂಥವರು ಅಲ್ಲಿ ಬೇಕಾದಷ್ಟಿದ್ದಾರೆ.

ಮೊದಲು ದೂರು. ‘ಪೂರ್ತಿ ದಿನ’ ಅಂತ ದುಡ್ಡು ಇಸ್ಕೊಂಡು 1995ರಲ್ಲಿ ಸ್ರೆಬ್ರೆನಿತ್ಸಾದಲ್ಲಿ ಸರ್ಬ್ ಪಡೆ ಕೊಂದವರ ನೆನಪಿನ ಪೊಟೊಚಾರಿ ಸ್ಮಾರಕದಲ್ಲಿ ಬಿಟ್ಟಿದ್ದು ಒಂದೂವರೆ ಗಂಟೆ! ಹೋಗೋಕೆ ಮೂರು, ಬರೋಕೆ ಮೂರು, ಊಟಕ್ಕೇ ಒಂದು ಗಂಟೆ ಮೇಲಾಯ್ತು. ವಾಪಸ್ ಬರುವಾಗ ಡ್ರೈವರ್ ಹಾಡು ಬೇರೆ ಹಾಕಿದ. ನಮ್ಮನೆಯವರು ಎದ್ದು ಹೋಗಿ ತಾವೇ ಆಫ್ ಮಾಡಿದರು.

ಗೈಡ್ ಮಾತ್ರ ಅಪರೂಪದವನು. ಕ್ರಾವಿತ್ಸಾ ಊರಲ್ಲಿ ವ್ಯಾನ್ ನಿಧಾನ ಮಾಡಿಸಿ ರಸ್ತೆ ಪಕ್ಕದ ಗೋದಾಮೊಂದನ್ನು ತೋರಿಸಿದ. 1995ರ ಜುಲೈ 13ರಂದು ಸಾವಿರಕ್ಕೂ ಹೆಚ್ಚು ಬೋಸ್ನಿಯಾದ ಮುಸ್ಲಿಂ ಗಂಡಸರನ್ನು ಅದರೊಳಗೆ ಕೂಡಿಹಾಕಿ ಸರ್ಬ್ ಪಡೆ ಕೊಂದದ್ದು. ಅದೇ ಊರಿನ ಮೇಲೆ 1993ರ ಆರ್ಥೊಡಾಕ್ಸ್ ಕ್ರಿಸ್‌ಮಸ್ ದಿನ ಬೋಸ್ನಿಯಾಕ್ (ಅಂದರೆ ಬೋಸ್ನಿಯಾದ ಮುಸ್ಲಿಮರ) ಪಡೆ ದಾಳಿ ಮಾಡಿ ಸರ್ಬರನ್ನು ಕೊಂದಿದ್ದನ್ನೂ ಅವನೇ ಹೇಳಿದ. ‘ಹಾಗಾದ್ರೆ ಇಬ್ರದ್ದೂ ಸರಿಸಮ ಅಲ್ವಾ?’ ಅಂತ ವ್ಯಾನಿನಲ್ಲಿದ್ದ ಒಬ್ಬರು ಕೇಳಿದರು. ಅವನು ದನಿ ಏರಿಸಲಿಲ್ಲ. ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿ, ಆಮೇಲೆ 2007ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಎರಡೂ ಸ್ರೆಬ್ರೆನಿತ್ಸಾದಲ್ಲಿ ನಡೆದದ್ದು ನರಮೇಧ ಅಂದಿವೆ ಎಂದು ಹೇಳಿ, ಮುಂದಿನ ತಿರುವಿನ ತನಕ ಸುಮ್ಮನೆ ಕೂತ.

ಪೊಟೊಚಾರಿಯಲ್ಲಿ ಹಳೇ ಬ್ಯಾಟರಿ ಕಾರ್ಖಾನೆ ಇದೆ. ವಿಶ್ವಸಂಸ್ಥೆ ‘ಸುರಕ್ಷಿತ ಪ್ರದೇಶ’ ಅಂತ 1993ರಲ್ಲೇ ಘೋಷಿಸಿದ್ದ ಈ ಜಾಗದಲ್ಲಿ ಡಚ್ ಸೈನಿಕರ ಠಾಣೆ ಇದ್ದದ್ದು ಅದರೊಳಗೇ. ಆಸರೆಗೆ ಓಡಿಬಂದವರಲ್ಲಿ ಹೆಂಗಸರು, ಮಕ್ಕಳನ್ನು ಸರ್ಬ್ ಪಡೆಯವರು ಬಸ್ಸಿಗೆ ಹತ್ತಿಸಿ ಕಳಿಸಿದರು, ಗಂಡಸರನ್ನು ಬೇರೆ ಮಾಡಿದರು. ಡಚ್ ಸೈನಿಕರು ಬೋಸ್ನಿಯಾದ ಹೆಣ್ಣುಮಕ್ಕಳ ಬಗ್ಗೆ ಗೀಚಿದ ಹೊಲಸು ಬರಹ ಗೋಡೆ ಮೇಲೆ ಹಾಗೇ ಇದೆ, ಅಳಿಸಿಲ್ಲ. ನಮ್ಮನೆಯವರು ಸೇನೆಯಲ್ಲಿದ್ದವರು. ಹಳೇ ಯುಗೊಸ್ಲಾವಿಯಾದ ಆ ದೇಶಗಳಿಗೆ ಹೋದ ವಿಶ್ವಸಂಸ್ಥೆ ಪಡೆಯ ಮೊದಲ ದಂಡನಾಯಕ ನಮ್ಮ ಸತೀಶ್ ನಂಬಿಯಾರ್ ಎಂದು ಬೆಳಿಗ್ಗೆ ಹೆಮ್ಮೆಯಿಂದ ಹೇಳಿಕೊಂಡವರು ಆ ಗೋಡೆ ಮುಂದೆ ಬಾಯಿಬಿಡಲಿಲ್ಲ. (ನಂಬಿಯಾರ್ 1993ರಲ್ಲೇ ವಾಪಸಾಗಿದ್ದರು.)

ರಸ್ತೆ ದಾಟಿದರೆ ಸಮಾಧಿಗಳು. ಒಂದು ಕಲ್ಲಿನ ಮೇಲೆ 8372 ಅಂತ ಕೆತ್ತಿ ಪಕ್ಕದಲ್ಲಿ ಚುಕ್ಕಿ ಚುಕ್ಕಿ ಬಿಟ್ಟಿದ್ದಾರೆ, ಸತ್ತವರ ಲೆಕ್ಕ ಇನ್ನೂ ಮುಗಿದಿಲ್ಲವಂತೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು. ಬಿಳೀ ಕಲ್ಲುಗಳಲ್ಲಿ ಸತ್ತ ಇಸವಿ ಎಲ್ಲಾ 1995, ಹುಟ್ಟಿದ್ದು ಮಾತ್ರ ಬೇರೆ ಬೇರೆ. ಗೊತ್ತಿಲ್ಲದೇ ಕಳೆಯೋಕೆ ಶುರು ಮಾಡಿಬಿಟ್ಟೆ. 1978, ಹದಿನೇಳು. 1979, ಹದಿನಾರು. ನನ್ನ ಎಸ್ಸೆಸ್ಸೆಲ್ಸಿ ಹುಡುಗರ ವಯಸ್ಸು. ಎರಡನೇ ಸಾಲಿಗೆ ನಿಲ್ಲಿಸಿದೆ.

ಕೊಂದವರು ಆಮೇಲೆ ಗುರುತು ಸಿಗದಿರಲಿ ಎಂದು ಹೆಣದ ಗುಂಡಿಗಳನ್ನು ಜೆಸಿಬಿಯಂಥ ಯಂತ್ರದಲ್ಲಿ ಬಗೆದು ಬೇರೆ ಕಡೆ ಹೂತರಂತೆ. ಹಾಗಾಗಿ ಒಬ್ಬನದೇ ಎಲುಬು ಎರಡು ಮೂರು ಗುಂಡಿಗಳಲ್ಲಿ ಸಿಕ್ಕಿದೆ. ಡಿಎನ್‌ಎ ಹೊಂದಿದ ಮೇಲೂ, ಸಿಕ್ಕಷ್ಟನ್ನೇ ಈ ಜುಲೈ 11ಕ್ಕೆ (ಪ್ರತಿವರ್ಷ ಸಾಮೂಹಿಕ ಅಂತ್ಯಸಂಸ್ಕಾರ ಅವತ್ತೇ) ಮಣ್ಣು ಮಾಡೋದಾ, ಉಳಿದದ್ದು ಸಿಗೋ ತನಕ ಕಾಯೋದಾ ಅಂತ ತಾಯಂದಿರೇ ತೀರ್ಮಾನ ಮಾಡಬೇಕು. ಇದನ್ನು ಹೇಳುವಾಗ ಗೈಡ್ ನಮ್ಮ ಮುಖ ನೋಡಲಿಲ್ಲ, ಕಾಲಡಿಯ ಜಲ್ಲಿ ನೋಡುತ್ತಿದ್ದ. ಅಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. ಎರಡೂವರೆ ಸ್ಟಾರ್ ಕೊಟ್ಟಿದ್ದು ಆ ಹಾರನ್‌ಗೆ.

ಹೋಗೋರು ಸ್ಮಾರಕದಲ್ಲಿ ಕನಿಷ್ಠ ಮೂರು ಗಂಟೆ ಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಬಿಸಿಲಿಗೆ ಟೋಪಿ ಇರಲಿ. ಸಸ್ಯಾಹಾರಿಗಳು ಊಟಕ್ಕೆ ‘ಬುರೆಕ್’ ಅನ್ನಬೇಡಿ, ಅಲ್ಲಿ ಬುರೆಕ್ ಅಂದರೆ ಮಾಂಸದ್ದೇ. ಸಿರ್ನಿತ್ಸಾ ಕೇಳಿ, ಒಳಗೆ ಚೀಸ್ ಇರುತ್ತೆ.