ಟೆನೆರಿಫೆ: ದಕ್ಷಿಣದ ಬಿಸಿಲೋ, ಉತ್ತರದ ಮೋಡವೋ?

ಸ್ಪೇನಿಗೆ ಸೇರಿದ ಕನೇರಿ ದ್ವೀಪಗಳಲ್ಲೊಂದಾದ ಟೆನೆರಿಫೆಯಲ್ಲಿ ಮನೆ ಹುಡುಕುವ ಮುಂಚೆ ಟೇಯ್ಡೆ ಬೆಟ್ಟದ ಯಾವ ಮಗ್ಗುಲಲ್ಲಿ ಇರುತ್ತೀರಿ ಎನ್ನುವುದನ್ನು ತೀರ್ಮಾನಿಸಿಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ನಾವು ಎರಡೂ ಕಡೆ ಬಾಡಿಗೆಗೆ ಇದ್ದು ನೋಡಿದ್ದೇವೆ: ಮೊದಲು ದಕ್ಷಿಣದ ಲಾಸ್ ಕ್ರಿಸ್ಟಿಯಾನೋಸ್‌ನಲ್ಲಿ ಒಂದು ಫ್ಲ್ಯಾಟು, ಈಗ ಉತ್ತರದ ಲಾ ಒರೊಟಾವಾದಲ್ಲಿ ಒಂದು ಹಳೇ ಮನೆ. ನನ್ನ ಗಂಡ ಲಂಡನ್ನಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ಹೊರದೇಶದ ಕಂಪನಿಗೆ ದೂರದಿಂದಲೇ ಕೆಲಸ ಮಾಡುವವರಿಗೆಂದು ಸ್ಪೇನಿನಲ್ಲಿ 2023ರಲ್ಲಿ ಜಾರಿಗೆ ಬಂದ ಡಿಜಿಟಲ್ ನೊಮ್ಯಾಡ್ ವೀಸಾದಲ್ಲಿ ಬಂದವರು ನಾವು. ಇಲ್ಲಿನ ಗಡಿಯಾರ ಮ್ಯಾಡ್ರಿಡ್‌ಗಿಂತ ಒಂದು ಗಂಟೆ ಹಿಂದೆ, ವರ್ಷವಿಡೀ ಲಂಡನ್ ಸಮಯವೇ. ಹಾಗಾಗಿ ಅವರ ಕೆಲಸಕ್ಕೆ ಯಾವ ಕಡೆ ಇದ್ದರೂ ಒಂದೇ. ವ್ಯತ್ಯಾಸವೆಲ್ಲ ಮನೆ, ಮಕ್ಕಳು, ಅಡುಗೆಮನೆಯಲ್ಲಿ.

ಹವೆ ಇಷ್ಟೊಂದು ಬೇರೆಯಾಗಲು ಕಾರಣ ಆ ಬೆಟ್ಟವೇ. 3,715 ಮೀಟರ್ ಎತ್ತರದ ಟೇಯ್ಡೆ ನಡುವೆ ನಿಂತು ಈಶಾನ್ಯದಿಂದ ಬೀಸುವ ಗಾಳಿಯನ್ನು ತಡೆಯುತ್ತದೆ. ತೇವವೆಲ್ಲ ಉತ್ತರದ ಇಳಿಜಾರಿನಲ್ಲೇ ಮೋಡವಾಗಿ ಕೂತುಬಿಡುತ್ತದೆ, ದಕ್ಷಿಣಕ್ಕೆ ಉಳಿಯುವುದು ಒಣ ಬಿಸಿಲು. ಹಾಸನ ಜಿಲ್ಲೆಯೊಳಗೇ ಸಕಲೇಶಪುರವನ್ನೂ ಅರಸೀಕೆರೆಯನ್ನೂ ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ದಕ್ಷಿಣದಲ್ಲಿ ಜನವರಿಯಲ್ಲೂ ಇಡ್ಲಿ ಹಿಟ್ಟು ಅಡುಗೆ ಕಟ್ಟೆಯ ಮೇಲೆಯೇ ರಾತ್ರಿ ಕಳೆಯುವುದರೊಳಗೆ ಉಬ್ಬುತ್ತಿತ್ತು. ಬಾಲ್ಕನಿಯಲ್ಲಿ ಹರವಿದ ಬಟ್ಟೆ ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿ. ಒರೊಟಾವಾದಲ್ಲಿ ಚಳಿಗಾಲಕ್ಕೆ ದಪ್ಪ ಟವೆಲ್ ಎರಡನೇ ದಿನವೂ ಹಸಿಹಸಿ. ಮನೆಗೆ ಹೀಟರ್ ವ್ಯವಸ್ಥೆ ಇಲ್ಲ, ನೆಲದ ಟೈಲ್ಸ್ ತಣ್ಣಗೆ ಕೊರೆಯುತ್ತದೆ, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಡದಿದ್ದರೆ ಹಿಂದೆ ಕಪ್ಪು ಬೂಷ್ಟು. ತೇವ ಹೀರುವ ಯಂತ್ರ ಕೊಂಡಿದ್ದೇವೆ. ಬೆಳಿಗ್ಗೆ ಎದ್ದು ಅದರ ಡಬ್ಬಿಯ ನೀರು ಚೆಲ್ಲುವುದು ಹಾಲು ಕಾಯಿಸುವಷ್ಟೇ ನಿತ್ಯದ ಕೆಲಸ. ಹಿಟ್ಟಿನ ಪಾತ್ರೆ ಓವನ್ನಿನೊಳಗೆ, ದೀಪ ಹಾಕಿ. ಆದರೆ ದಕ್ಷಿಣದ ಬಿಸಿಲಿಗೂ ಅದರದೇ ಕಾಟವಿದೆ. ಸಹಾರಾದ ಧೂಳು ಹೊತ್ತು ತರುವ ಕಲೀಮಾ ಗಾಳಿ ದ್ವೀಪಕ್ಕೆಲ್ಲ ಬರುತ್ತದೆ ನಿಜ, ನಮಗೆ ಅದು ಹೆಚ್ಚು ಕಾಡಿದ್ದು ಅಲ್ಲೇ. ಕಿಟಕಿಯ ಅಂಚಿನಲ್ಲಿ ಅರಿಸಿನ ಕಂದು ಪುಡಿ ಕೂರುತ್ತಿತ್ತು, ಉಬ್ಬಸವಿರುವ ಮಗನನ್ನು ಆ ದಿನಗಳಲ್ಲಿ ಹೊರಗೆ ಬಿಡುತ್ತಿರಲಿಲ್ಲ.

ಬಾಡಿಗೆ ವಿಷಯಕ್ಕೆ ಬಂದರೆ ನನ್ನ ಮಾತು ಖಡಾಖಂಡಿತ. ದಕ್ಷಿಣದಲ್ಲಿ ನಮಗೆ ಸಿಕ್ಕದ್ದು ಹನ್ನೊಂದು ತಿಂಗಳ ಕರಾರು. ನಮ್ಮೂರಿನಲ್ಲಿ ಹನ್ನೊಂದು ತಿಂಗಳೆಂದರೆ ಬರೀ ಕಾಗದದ ಶಾಸ್ತ್ರ, ಮತ್ತೆ ನವೀಕರಿಸಿದರಾಯಿತು. ಇಲ್ಲಿ ಹಾಗಲ್ಲ. ಖಾಯಂ ವಾಸದ ಕರಾರಾದರೆ, ಮಾಲೀಕರು ಕಂಪನಿಯಲ್ಲದೆ ವ್ಯಕ್ತಿಯಾಗಿದ್ದಲ್ಲಿ, ಬಾಡಿಗೆದಾರರಿಗೆ ಕಾನೂನು ಐದು ವರ್ಷದವರೆಗೆ ರಕ್ಷಣೆ ಕೊಡುತ್ತದೆ. ತಾತ್ಕಾಲಿಕ ಕರಾರಿಗೆ ಅದಿಲ್ಲ. ಚಳಿಗಾಲದ ಪ್ರವಾಸಿಗರು ಬರುವ ಹೊತ್ತಿಗೆ ನಮಗೆ ಮನೆ ಖಾಲಿ ಮಾಡಲು ಹೇಳಿದರು. 2024ರ ಏಪ್ರಿಲ್ 20ರಂದು ಈ ದ್ವೀಪಗಳ ಜನ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದದ್ದು ಇಂಥದ್ದಕ್ಕೇ: ಮನೆಗಳೆಲ್ಲ ಪ್ರವಾಸಿಗರ ಪಾಲಾದರೆ ಇಲ್ಲಿ ಹುಟ್ಟಿದವರು ಎಲ್ಲಿಗೆ ಹೋಗಬೇಕು? ಹೊರಗಿನಿಂದ ಬಂದ ನಮಗೂ ಇದರಲ್ಲಿ ಜವಾಬ್ದಾರಿ ಇದೆ ಎಂದೇ ನಾನು ನಂಬಿದ್ದೇನೆ. ಉತ್ತರದಲ್ಲಿ ಹುಡುಕಲು ಹೆಚ್ಚು ಅಲೆದೆವು, ಆದರೆ ಸಿಕ್ಕದ್ದು ಖಾಯಂ ಕರಾರು. ಅದು ಕೈಯಲ್ಲಿದ್ದರೆ ಪುರಸಭೆಯಲ್ಲಿ ವಿಳಾಸ ನೋಂದಣಿ ಸಲೀಸು, ಸರ್ಕಾರಿ ಶಾಲೆಯ ಸೀಟಿಗೂ ಹತ್ತಿರದ ವಿಳಾಸವೇ ಬಲ.

ಇನ್ನು ಶಾಲೆ. ನಮ್ಮ ಮಟ್ಟಿಗೆ ತಕ್ಕಡಿ ವಾಲಿದ್ದು ಇಲ್ಲಿಯೇ. ದಕ್ಷಿಣದ ಸರ್ಕಾರಿ ಶಾಲೆಯೂ ಒಳ್ಳೆಯದೇ, ಟೀಚರುಗಳು ಎಲ್ಲೆಲ್ಲಿಂದಲೋ ಬಂದ ಮಕ್ಕಳನ್ನು ಸಂಭಾಳಿಸಿ ಪಳಗಿದವರು. ಸಸ್ಯಾಹಾರ ಅಂದರೆ ಊಟದ ಮನೆಯವರಿಗೆ ತಕ್ಷಣ ತಿಳಿಯಿತು. (ಉತ್ತರದ ಶಾಲೆಯಲ್ಲಿ ಟ್ಯೂನಾ ಕೂಡ ಮೀನೇ, ಅದೂ ಬೇಡ ಎಂದು ಕೂತು ವಿವರಿಸಬೇಕಾಯಿತು.) ಆದರೆ ಮಗಳ ತರಗತಿಯಲ್ಲಿ ಬ್ರಿಟನ್, ಇಟಲಿ, ಜರ್ಮನಿಯ ಮಕ್ಕಳೇ ತುಂಬಿದ್ದರು. ಆಟದ ಬಯಲಿಗೆ ಬಂದರೆ ಇಂಗ್ಲಿಷು, ಅಂಗಡಿಗೆ ಹೋದರೂ ಇಂಗ್ಲಿಷು. ಸ್ಪ್ಯಾನಿಷ್ ಪುಸ್ತಕದಲ್ಲೇ ಉಳಿಯಿತು. ಒರೊಟಾವಾದಲ್ಲಿ ಅವಳಿಗೆ ಬೇರೆ ದಾರಿಯೇ ಇರಲಿಲ್ಲ. ಮೊದಮೊದಲು ಸುಮ್ಮನೆ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದವಳು, ಈಸ್ಟರ್ ರಜೆಯ ಹೊತ್ತಿಗೆ ತಮ್ಮನ ಜೊತೆ ಸ್ಪ್ಯಾನಿಷ್‌ನಲ್ಲಿ ಜಗಳ ಆಡತೊಡಗಿದಳು. ಇಲ್ಲಿಯವರ ಹಾಗೆಯೇ ಮಾತಿನ ಕೊನೆಯ ಸಕಾರ ನುಂಗಿ!

ಅಕ್ಕಪಕ್ಕದವರ ಒಡನಾಟವೂ ಹಾಗೇ. ಅತ್ತೆ ಬಂದಿದ್ದಾಗ ಜೂನ್ ತಿಂಗಳು, ಕ್ರೈಸ್ತರ ಕಾರ್ಪಸ್ ಕ್ರಿಸ್ಟಿ ಹಬ್ಬ. 1847ರಿಂದ ಈ ಊರಿನವರು ಹಬ್ಬಕ್ಕೆ ಬೀದಿಯಲ್ಲಿ ಹೂವಿನ ಹಾಸು ಬಿಡಿಸುತ್ತ ಬಂದಿದ್ದಾರೆ, ಪುರಸಭೆಯ ಮುಂದಿನ ಚೌಕದಲ್ಲಿ ಟೇಯ್ಡೆಯ ಬಣ್ಣಬಣ್ಣದ ಮಣ್ಣಿನಿಂದ ದೊಡ್ಡ ಚಿತ್ರವನ್ನೇ ಹಾಕುತ್ತಾರೆ. ಪಕ್ಕದ ಮನೆಯ ಅಜ್ಜಿ ಅತ್ತೆಯ ಕೈಗೆ ಹುರಿದು ಪುಡಿ ಮಾಡಿದ ಗಿಡದ ಸೊಪ್ಪಿನ ಬುಟ್ಟಿ ಕೊಟ್ಟು, ಗೆರೆ ತುಂಬಿ ಎಂದು ಸನ್ನೆ ಮಾಡಿದರು. ರಂಗೋಲಿ ಹಾಕಿ ಪಳಗಿದ ಕೈ. ಅಂಚು ಒಂಚೂರೂ ಕದಲಲಿಲ್ಲ. ಅಂದಿನಿಂದ ಆ ಅಜ್ಜಿ ದಾರಿಯಲ್ಲಿ ಸಿಕ್ಕಾಗಲೆಲ್ಲ ಅತ್ತೆಯ ಕ್ಷೇಮ ಕೇಳುತ್ತಾರೆ. ದಕ್ಷಿಣದಲ್ಲಿ ನಮ್ಮ ಎದುರು ಮನೆಗೆ ವಾರಕ್ಕೊಮ್ಮೆ ಹೊಸ ಸೂಟ್‌ಕೇಸ್ ಬರುತ್ತಿತ್ತು.

ದಿನಸಿಗೆ ಎರಡೂ ಕಡೆ ತೊಂದರೆಯಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಸಿಂಧಿ ವ್ಯಾಪಾರಿಗಳು ಕನೇರಿ ದ್ವೀಪಗಳಲ್ಲಿ ನೆಲೆಸಿದ್ದಾರೆ; ತೊಗರಿಬೇಳೆ, ಉದ್ದಿನಬೇಳೆ, ಇಂಗು ಎಲ್ಲ ದ್ವೀಪದ ರಾಜಧಾನಿ ಸಾಂತಾ ಕ್ರೂಜ್‌ನಲ್ಲಿ ಸಿಗುತ್ತದೆ. ಕರಿಬೇವಿನ ಗಿಡಕ್ಕೆ ಮಾತ್ರ ದಕ್ಷಿಣವೇ ಇಷ್ಟ.

ನೀರಿನ ಬಗ್ಗೆ ಒಂದು ಮಾತು, ಚಿಕ್ಕ ಮಕ್ಕಳಿರುವವರಿಗೆ. ಇಲ್ಲಿಯ ನೀರು ಬಹುಪಾಲು ಬೆಟ್ಟದೊಳಗೆ ಕೊರೆದ ಸುರಂಗಗಳಿಂದ ಬರುತ್ತದೆ. ಉತ್ತರದ ಇಕೋಡ್, ಲಾ ಗ್ವಾಂಚಾ ಕಡೆ ಅದರಲ್ಲಿ ಫ್ಲೋರೈಡ್ ಹೆಚ್ಚೆಂದು ಮಕ್ಕಳಿಗೆ ಕುಡಿಸಬೇಡಿ ಎಂಬ ಸೂಚನೆಗಳು ಬಂದದ್ದುಂಟು. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆ ಒಪ್ಪಿಕೊಳ್ಳುವ ಮುಂಚೆ ಆ ಊರಿನ ನೀರಿನ ವರದಿ ಕೇಳಿ.

ಮಕ್ಕಳು ಪ್ರಾಥಮಿಕ ಶಾಲೆಯಲ್ಲಿದ್ದು ನಾಲ್ಕಾರು ವರ್ಷ ಇಲ್ಲೇ ಇರುವ ಮನಸ್ಸಿದ್ದರೆ ಉತ್ತರಕ್ಕೆ ಬನ್ನಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ, ಅಥವಾ ಬೂಷ್ಟು ಯಾರಿಗಾದರೂ ಆಗದಿದ್ದರೆ ದಕ್ಷಿಣ. ಒರೊಟಾವಾದ ಕಡಿದಾದ ಬೀದಿಗಳಲ್ಲಿ ಅತ್ತೆ ತರಕಾರಿ ಚೀಲ ಹಿಡಿದು ಹತ್ತಲಾರದೆ ನಿಲ್ಲುತ್ತಿದ್ದರು. ಸಾಂತಾ ಕ್ರೂಜ್‌ನಲ್ಲಿ ನೌಕರಿಯಾದರೆ ಉತ್ತರದಿಂದ ಅಲ್ಲಿಗೆ ಹೋಗುವ ಟಿಎಫ್-5 ಹೆದ್ದಾರಿಯ ಬೆಳಗಿನ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ಹಿಡಿಯಿರಿ. ಸರ್ಕಾರಿ ಶಾಲೆಯ ಅರ್ಜಿಗಳು ವಸಂತದಲ್ಲಿ ಶುರುವಾಗುತ್ತವೆ, ಆದ್ದರಿಂದ ಮನೆ ನೋಡಲು ಫೆಬ್ರವರಿಯಲ್ಲೇ ಬನ್ನಿ: ಉತ್ತರದ ಥಂಡಿಯೂ ದಕ್ಷಿಣದ ಜನಜಂಗುಳಿಯೂ ಆಗ ಕಣ್ಣಿಗೆ ಕಾಣುತ್ತವೆ. ಬೀರುವಿನ ಹಿಂದಿನ ಗೋಡೆಯನ್ನು ಮುಟ್ಟಿ ನೋಡದೆ ಕರಾರಿಗೆ ಸಹಿ ಹಾಕಬೇಡಿ.